ಟೋಸ್ಟ್ ಗ್ಲಾಸಲ್ಲಿ ಏನಿರಬೇಕು?

ಮದುವೆಗೆ ಐದು ವಾರ ಇತ್ತು. ಛತ್ರ ಬುಕ್ ಆಗಿತ್ತು, ಊಟದ ಮೆನು ಫೈನಲ್ ಆಗಿತ್ತು. ಎರಡೂ ಮನೆಯವರ ವಾಟ್ಸ್ಆ್ಯಪ್ ಗ್ರೂಪ್ ತಣ್ಣಗೆ ನಡೀತಿತ್ತು. ಒಂದು ರಾತ್ರಿ ಹುಡುಗನ ಅಕ್ಕ ಕೇಳಿದರು: ‘ಟೋಸ್ಟ್‌ಗೆ ವೈನ್ ಎಷ್ಟು ಬಾಟಲ್ ಹೇಳೋಣ?’ ಆಮೇಲೆ ಎರಡು ದಿನ ನಮ್ಮ ಕಡೆಯವರು ಯಾರೂ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಕೂಡ ಹಾಕಲಿಲ್ಲ.

ನಮ್ಮೂರು ಹಗರೆ. ಹಾಸನದಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿನ ಕಡೆ ತಿರುಗಿಕೊಳ್ಳೋ ಊರು ಅಂದ್ರೆ ಕೆಲವರಿಗಾದ್ರೂ ಗೊತ್ತಾಗುತ್ತೆ. ನಮ್ಮದು ಸಿ.ಎಸ್.ಐ. ಸಭೆಯ ಮನೆ, ಹುಡುಗನದು ಮಂಗಳೂರಿನ ಕಥೋಲಿಕ ಕುಟುಂಬ. ‘ಇಬ್ಬರೂ ಕ್ರೈಸ್ತರೇ ಅಲ್ವಾ, ಇನ್ನೇನು ತೊಂದರೆ?’ ಅಂತ ಬೆಂಗಳೂರಿನ ಆಫೀಸಲ್ಲಿ ಎಲ್ಲರೂ ಅಂದಿದ್ದರು. ತೊಂದರೆ ಇದ್ದಿದ್ದು ಗ್ಲಾಸಲ್ಲಿ.

ಅವರ ಮನೆಯಲ್ಲಿ ಕ್ರಿಸ್‌ಮಸ್‌ಗೆ ಅಜ್ಜಿ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕ್ತಾರೆ. ಎಲ್ಲರೂ ಚಿಕ್ಕ ಗ್ಲಾಸಲ್ಲಿ ಕುಡೀತಾರೆ, ಯಾರೂ ತೂರಾಡಿದ್ದನ್ನು ನಾನು ನೋಡಿಲ್ಲ. ನಮ್ಮಪ್ಪನ ಲೆಕ್ಕದಲ್ಲಿ ಸೀಸೆ ಮನೆಯೊಳಗೆ ಬಂದ್ರೆ ದೇವರು ಹೊರಗೆ ಹೋದ ಹಾಗೆ.

ಅಪ್ಪನ ಹಟಕ್ಕೂ ಒಂದು ಚರಿತ್ರೆ ಇದೆ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1743ರಲ್ಲೇ ತನ್ನ ಸಂಘದವರಿಗೆ ನಿಯಮ ಬರೆದಿದ್ದ: ತೀರಾ ಅಗತ್ಯ ಬಿದ್ದರೆ ಬಿಟ್ಟು, ಭಟ್ಟಿ ಇಳಿಸಿದ ಮದ್ಯ ಕುಡಿಯಬಾರದು, ಮಾರಬಾರದು, ಕೊಳ್ಳಬಾರದು. ಅವನ ಹೆಸರಿನ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂತು. 1947ರಲ್ಲಿ ಸಿ.ಎಸ್.ಐ. ಹುಟ್ಟಿದಾಗ ದಕ್ಷಿಣದ ಮೆಥಡಿಸ್ಟರೂ ಅದರಲ್ಲಿ ಸೇರಿದರು. ಮಂಗಳೂರಿನಲ್ಲೂ ಎಲ್ಲ ಕ್ರೈಸ್ತರದ್ದು ಒಂದೇ ಕಥೆಯಲ್ಲ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್, ಶೇಂದಿ ಇಳಿಸೋ ಕಸುಬು ಕ್ರೈಸ್ತರಿಗೆ ತಕ್ಕದ್ದಲ್ಲ ಅಂತಿತ್ತು. ಕಸುಬು ಬಿಟ್ಟವರಿಗೆ ಹೊಟ್ಟೆಪಾಡು ಬೇಕಲ್ಲ? ಮಿಷನ್ನಿನ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಅಂಥವರಿಗೆ ಕೆಲಸ ಕೊಟ್ಟವು.

ನಾನು ಜಗಳ ಬಗೆಹರಿಸೋಣ ಅಂತ ಕನ್ನಡ ಬೈಬಲ್ ತೆಗೆದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಗುತ್ತೆ, ಯೇಸು ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸ ಮಾಡ್ತಾನೆ. ಇವತ್ತಿನ ಲೆಕ್ಕದಲ್ಲಿ ಸುಮಾರು 450ರಿಂದ 700 ಲೀಟರ್! ಅಪ್ಪ ತಕ್ಷಣ, ‘ದ್ರಾಕ್ಷಾರಸ ಅಂದ್ರೆ ದ್ರಾಕ್ಷಿ ಜ್ಯೂಸು ಕಣಮ್ಮ, ಹೆಸರಲ್ಲೇ ಇದೆಯಲ್ಲ’ ಅಂದರು.

ಕನ್ನಡದಲ್ಲಿ ಓದಿದರೆ ಹಾಗೇ ಅನ್ನಿಸುತ್ತೆ. ಆದರೆ ಮೂಲ ಗ್ರೀಕಿನಲ್ಲಿರೋದು ‘ಓಯ್ನೋಸ್’ ಅನ್ನೋ ಪದ. ಎಫೆಸದವರಿಗೆ ಪೌಲನು ಬರೆದ ಪತ್ರದಲ್ಲಿ ಕುಡಿದು ಮತ್ತರಾಗಬೇಡಿ ಅನ್ನೋ ಎಚ್ಚರಿಕೆ ಬರುತ್ತೆ, ಅಲ್ಲೂ ಇದೇ ಓಯ್ನೋಸ್. ನಮ್ಮ ಹಳೇ ಅನುವಾದಕರು ಕಾನಾದಲ್ಲಿ ‘ದ್ರಾಕ್ಷಾರಸ’ ಅಂತಲೂ ಎಫೆಸದವರ ಪತ್ರದಲ್ಲಿ ‘ಮದ್ಯಪಾನ’ ಅಂತಲೂ ಬರೆದರು. ಇನ್ನೂ ಒಂದು ಮಾತು. ಎಲ್ಲರೂ ಚೆನ್ನಾಗಿ ಕುಡಿದ ಮೇಲೆ ಕಳಪೆಯದನ್ನು ಬಡಿಸೋದು ವಾಡಿಕೆ, ನೀನು ಒಳ್ಳೇದನ್ನು ಕೊನೆಗೆ ಇಟ್ಟಿದ್ದೀಯ ಅಂತ ಕಾನಾದಲ್ಲಿ ಔತಣದ ಮೇಲ್ವಿಚಾರಕ ಹೇಳ್ತಾನೆ. ಬರೀ ಜ್ಯೂಸ್ ಆಗಿದ್ರೆ ಈ ಮಾತಿಗೆ ಅರ್ಥವೇ ಇರಲ್ಲ.

ಹಾಗಂತ ಬೈಬಲ್ ಪೂರಾ ವೈನ್ ಪರ ಅಂತಲೂ ಅಲ್ಲ. ಜ್ಞಾನೋಕ್ತಿಗಳ ಪುಸ್ತಕ ಕುಡುಕನ ಕೆಂಗಣ್ಣು, ಗಾಯ, ಗೋಳಾಟವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳುತ್ತೆ. ಸ್ನಾನಿಕ ಯೋಹಾನ ಮುಟ್ಟಲೇ ಇಲ್ಲ, ಯೇಸು ಕುಡಿದ. ಜನ ಒಬ್ಬನಿಗೆ ದೆವ್ವ ಹಿಡಿದಿದೆ ಅಂದರು, ಇನ್ನೊಬ್ಬನನ್ನು ಕುಡುಕ ಅಂದರು. ನನಗೆ ಅರ್ಥವಾಗಿದ್ದು ಇಷ್ಟು: ನಿಷೇಧ ಇರೋದು ಅಮಲಿಗೆ, ಗ್ಲಾಸಿಗಲ್ಲ.

ವಾದ ಗೆದ್ದೆ ಅನ್ನೋ ಖುಷಿಯಲ್ಲಿ ಆ ಶನಿವಾರ ಊರಿಗೆ ಹೋದೆ. ಜಗಲಿ ಮೇಲೆ ಚಿಕ್ಕಪ್ಪ ಕೂತಿದ್ದರು. ಎಲ್ಲಾ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: ‘ವೈನ್ ಇಡಿಸು ಪುಟ್ಟಿ, ಪರವಾಗಿಲ್ಲ. ನಾನು ಬರ್ತೀನಿ. ಟೋಸ್ಟ್ ಹೊತ್ತಿಗೆ ಹೊರಗೆ ನಿಂತ್ಕೋತೀನಿ.’

ಚಿಕ್ಕಪ್ಪ ಶುರು ಮಾಡಿದ್ದು ಪ್ಯಾಕೆಟ್ ಸಾರಾಯಿಯಿಂದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಚಿಕ್ಕಪ್ಪ ನಿಲ್ಲಲಿಲ್ಲ. ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು. ಆಲೂಗಡ್ಡೆ ಬೆಳೀತಿದ್ದ ಅರ್ಧ ಎಕರೆ ಹೋಯ್ತು, ಚಿಕ್ಕಮ್ಮನ ಓಲೆ ಹೋಯ್ತು. ಆ ದಿನ ಜಗಲಿ ಮೇಲೆ ಕೂತಿದ್ದವರು ಬಿಟ್ಟು ಮೂರು ವರ್ಷ ಎರಡು ತಿಂಗಳಾಗಿತ್ತು. ‘ಒಂದು ಗುಟುಕು ಅಂತ ನನಗೆ ಇಲ್ಲ. ಒಂದು ಅಂದ್ರೆ ಎಲ್ಲಾ’ ಅಂದರು.

ನಾನು ಗೆದ್ದ ವಾದ ಅಲ್ಲೇ ಬಿದ್ದುಹೋಯ್ತು.

ಅಪ್ಪನ ‘ಜ್ಯೂಸು’ ಮಾತಿಗೆ ನಕ್ಕಿದ್ದೆನಲ್ಲ, ಆ ಜ್ಯೂಸಿನ ಬೆಲೆ ಆಗ ತಿಳೀತು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಅನ್ನೋ ಮೆಥಡಿಸ್ಟ್ ದಂತವೈದ್ಯ, ಪಾಶ್ಚರ್ ವಿಧಾನದಲ್ಲಿ ಬಿಸಿ ಮಾಡಿ ಹುಳಿಯದ ದ್ರಾಕ್ಷಿ ರಸ ತಯಾರಿಸಿದ್ದೇ ಪ್ರಭುಭೋಜನದಲ್ಲಿ ಬಳಸಲಿ ಅಂತ. ನಮ್ಮ ಸಭೆಯಲ್ಲೂ ಕೊಡೋದು ಹುಳಿಯದ ರಸವೇ. ಚಿಕ್ಕಪ್ಪ ಎಲ್ಲರ ಜೊತೆ ಮೊಣಕಾಲೂರಿ ಆ ಪುಟ್ಟ ಲೋಟ ಹಿಡಿಯೋದು ಅದರಿಂದಲೇ.

ಮಂಗಳೂರಿಗೆ ಫೋನ್ ಮಾಡಿ, ಅತ್ತೆಯಾಗಲಿದ್ದವರಿಗೆ ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮದುಮಗಳ ಚಿಕ್ಕಪ್ಪ ಹೊರಗೆ ನಿಲ್ಲುವುದಾ? ಅದು ಆಗುವುದಿಲ್ಲ’ ಅಂದರು. ಕಥೋಲಿಕ ಪೂಜೆಗೆ ದ್ರಾಕ್ಷಿಯ ವೈನೇ ಆಗಬೇಕು ಅನ್ನೋದು ಅವರ ನಿಯಮ. ಆದರೆ ಮದ್ಯದ ಕಾಯಿಲೆ ಇರೋ ಪಾದ್ರಿಗೆ, ಮೇಲಿನವರ ಅನುಮತಿ ಇದ್ದರೆ, ಹೆಚ್ಚುಕಮ್ಮಿ ಹುಳಿಯದ ರಸದಲ್ಲೇ ಪೂಜೆ ಮಾಡಲು ಅವಕಾಶ ಇದೆಯಂತೆ. ‘ಪೀಠದ ಮೇಲೆಯೇ ಆಗುತ್ತದೆ ಅಂದ ಮೇಲೆ ಹಾಲ್‌ನಲ್ಲಿ ಯಾಕೆ ಆಗುವುದಿಲ್ಲ?’ ಅಂದರು.

ಪೌಲನ ಪತ್ರಗಳಲ್ಲಿ ಇವೆರಡೂ ಇವೆ. ಹೊಟ್ಟೆ ಸರಿಯಿಲ್ಲದ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನೆ. ರೋಮಾಪುರದವರಿಗೆ, ನಿನ್ನಿಂದ ನಿನ್ನ ಸಹೋದರ ಎಡವೋದಾದರೆ ಕುಡಿಯದಿರೋದೇ ಒಳ್ಳೇದು ಅಂತಾನೆ. ನಾನು ಮೊದಲನೆಯದನ್ನು ಹುಡುಕಿ ಓದಿದ್ದೆ, ಎರಡನೆಯದನ್ನು ಹಾರಿಸಿದ್ದೆ.

ಟೋಸ್ಟ್‌ಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಜ್ಯೂಸ್ ಬಂತು. ಹುಡುಗನ ಕಡೆಯ ಒಂದಿಬ್ಬರು ‘ಇದೇನು ಮಕ್ಕಳ ಬರ್ತ್‌ಡೇಯಾ?’ ಅಂತ ಗೊಣಗಿದ್ದು ನಿಜ. ಅಪ್ಪ ಮಾತ್ರ ನನ್ನ ಕಿವಿ ಹತ್ತಿರ ಬಂದು, ‘ನೋಡಿದ್ಯಾ? ದ್ರಾಕ್ಷಾರಸ ಅಂದ್ರೆ ಜ್ಯೂಸೇ’ ಅಂದರು. ಚಿಕ್ಕಪ್ಪ ಮೊದಲ ಸಾಲಲ್ಲಿ ನಿಂತು ಗ್ಲಾಸ್ ಎತ್ತಿದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು.

ಮೊನ್ನೆ ಕ್ರಿಸ್‌ಮಸ್‌ಗೆ ಮಂಗಳೂರಲ್ಲಿ ಅಜ್ಜಿಯ ವೈನ್ ನಾನೂ ಒಂದು ಗುಟುಕು ಕುಡಿದೆ, ಮನಸ್ಸಿಗೆ ಚುಚ್ಚಲಿಲ್ಲ. ಹಗರೆಗೆ ಬಾಟಲ್ ತಗೊಂಡು ಹೋಗಲ್ಲ. ಇನ್ನೊಂದು ಅಭ್ಯಾಸವೂ ಬಿಟ್ಟಿದ್ದೀನಿ, ನೀವೂ ಬಿಟ್ಟರೆ ಒಳ್ಳೇದು: ಆಫೀಸ್ ಪಾರ್ಟಿಯಲ್ಲಿ ಯಾರಾದ್ರೂ ‘ನಂಗೆ ಬೇಡ’ ಅಂದ್ರೆ ‘ಯಾಕೆ, ಒಂದೇ ಒಂದು?’ ಅಂತ ಈಗ ಕೇಳಲ್ಲ. ಜ್ಯೂಸ್ ಎಲ್ಲಿದೆ ಅಂತ ತೋರಿಸ್ತೀನಿ.