ದಂಡ ನಿಂತರೂ ಕಾನೂನು ನಿಂತಿಲ್ಲ: ಕಾರಿನಲ್ಲಿ ಮಕ್ಕಳಿಗೆ ಬೇಕು ಬೂಸ್ಟರ್ ಸೀಟು

ಕೊಚ್ಚಿ: ಬೇಸಿಗೆ ರಜೆ, ದಸರಾ ಬಂತೆಂದರೆ ಕೊಚ್ಚಿ, ತಿರುವನಂತಪುರದ ಕನ್ನಡಿಗರ ಕಾರುಗಳು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಊರಿನತ್ತ ಮುಖ ಮಾಡುತ್ತವೆ. ಡಿಕ್ಕಿಯಲ್ಲಿ ಚೀಲಗಳು, ಹಿಂದಿನ ಸೀಟಿನಲ್ಲಿ ತಿಂಡಿ ಡಬ್ಬಿ, ಮುಂದೆ ಅಮ್ಮನ ಮಡಿಲಲ್ಲಿ ಮಗು. ಈ ಕೊನೆಯ ರೂಢಿಯನ್ನು ನಾವು ಬಿಡಲೇಬೇಕಾಗಿದೆ.

2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು, ಅಪಘಾತದ ವೇಳೆ ಏರ್‌ಬ್ಯಾಗ್ ತೆರೆದುಕೊಂಡು ಮೃತಪಟ್ಟಿತ್ತು. ಅಕ್ಟೋಬರ್‌ನಲ್ಲಿ ಕೇರಳದ ಅಂದಿನ ಸಾರಿಗೆ ಆಯುಕ್ತ ಸಿ.ಎಚ್. ನಾಗರಾಜು ಅವರು ಹೊಸ ಕ್ರಮ ಪ್ರಕಟಿಸಿದರು. ನಾಲ್ಕು ವರ್ಷದವರೆಗೆ ಮಕ್ಕಳ ಸೀಟು. 4ರಿಂದ 14 ವರ್ಷದ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಬೂಸ್ಟರ್ ಸೀಟು, ಡಿಸೆಂಬರ್‌ನಿಂದ ದಂಡ. ಪ್ರಕಟಣೆಯ ಬೆನ್ನಲ್ಲೇ ಅಂದಿನ ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಅವರು, ಸದ್ಯಕ್ಕೆ ಜಾಗೃತಿ ಮಾತ್ರ, ದಂಡವಿಲ್ಲ ಎಂದರು.

ಇದರಿಂದ ಕಾನೂನೇ ರದ್ದಾಯಿತೆಂದು ತಿಳಿಯಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕಾರು ಓಡಿಸಿದರೆ 1,000 ರೂ. ದಂಡ. ಇದು ಕೇಂದ್ರದ ಕಾಯ್ದೆ. ತಲಪಾಡಿ ದಾಟಿದರೂ ಇದೇ.

ಬೆಲ್ಟ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಾರಿನ ಬೆಲ್ಟ್ ದೊಡ್ಡವರ ಅಳತೆಯದು. ಪುಟ್ಟ ಮಗುವಿಗೆ ಮೇಲಿನ ಪಟ್ಟಿ ಕುತ್ತಿಗೆಗೆ, ಕೆಳಗಿನ ಪಟ್ಟಿ ಹೊಟ್ಟೆಗೆ ಬರುತ್ತದೆ. ಬೂಸ್ಟರ್ ಮಗುವನ್ನು ಎತ್ತರಿಸಿ, ಪಟ್ಟಿ ಭುಜದ ಮೇಲೂ ತೊಡೆಯ ಮೇಲೂ ಕೂರುವಂತೆ ಮಾಡುತ್ತದೆ. ಅದರ ಕೆಲಸ ಇಷ್ಟೇ, ಆದರೆ ಜೀವ ಉಳಿಸುವ ಕೆಲಸ.

ಮಡಿಲು ಭದ್ರವೆಂಬ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದರೆ, ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ, ಬಿದ್ದಷ್ಟೇ ಪೆಟ್ಟು. ಆ ಕ್ಷಣದಲ್ಲಿ ಮಗುವನ್ನು ಹಿಡಿದುಕೊಳ್ಳುವ ಶಕ್ತಿ ಯಾವ ತಾಯಿಯ ಕೈಗೂ ಇಲ್ಲ.

ಪಾಲಕರು ಗಮನಿಸಬೇಕಾದ್ದು: ಮಕ್ಕಳು ಸದಾ ಹಿಂದಿನ ಸೀಟಿನಲ್ಲೇ ಇರಲಿ. ಹಸುಳೆಯ ಸೀಟು ಹಿಂಮುಖವಾಗಿರಲಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಇಡಲೇಬಾರದು. ಬೆಲ್ಟ್ ಇರುವ ಸಾಧಾರಣ ಬೂಸ್ಟರ್ ಹಳೆಯ ಕಾರಿಗೂ ಹೊಂದುತ್ತದೆ. ಆದರೆ ಭುಜದ ಪಟ್ಟಿ ಇಲ್ಲದ, ಸೊಂಟದ ಪಟ್ಟಿ ಮಾತ್ರ ಇರುವ ಜಾಗದಲ್ಲಿ ಬಳಸಬಾರದು. ಹೊಸ ಕಾರು ಕೊಳ್ಳುವವರು, 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ ಎಷ್ಟು ನಕ್ಷತ್ರ ಎಂದು ಕೇಳಿಯೇ ಮುಂದುವರಿಯಿರಿ.

ಬ್ಯಾಂಕಿನ ಕೌಂಟರಿನಲ್ಲಿ ಕಾರು ಸಾಲದ ಅರ್ಜಿ ನೋಡಿ ಅಭ್ಯಾಸವಾದವನ ಮಾತಿದು: ಲಕ್ಷಗಟ್ಟಲೆ ಸಾಲದ ಜೊತೆಗೆ ಸ್ಟೀರಿಯೋ, ಸೀಟ್ ಕವರುಗಳಿಗೂ ಜನ ಹಣ ಹೊಂದಿಸುತ್ತಾರೆ, ಮಗುವಿನ ಸೀಟಿನ ಮಾತೇ ಬರುವುದಿಲ್ಲ. ಬೆಲೆ ಭಾರವೆನಿಸಿದರೆ ದಾರಿಯಿದೆ. ಮಗು ಬೆಳೆದ ಮೇಲೆ ಸೀಟು ಅಟ್ಟ ಸೇರುತ್ತದೆ. ಅಂಥವನ್ನು ಸಂಘದ ಮೂಲಕ ಕಿರಿಯ ದಂಪತಿಗಳಿಗೆ ದಾಟಿಸಬಹುದು. ಅಪಘಾತಕ್ಕೆ ಸಿಕ್ಕ, ಬಿರುಕು ಬಿಟ್ಟ ಸೀಟು ಮಾತ್ರ ಬೇಡ. ರಾಜ್ಯೋತ್ಸವಕ್ಕೆ ಒಟ್ಟು ಸೇರುವಾಗ ಕೊಡುವವರ, ಬೇಕಾದವರ ಪಟ್ಟಿಯೊಂದನ್ನು ಮಾಡಿದರೆ ಮುಂದಿನ ರಜೆಯ ಪ್ರಯಾಣಕ್ಕೆ ಮೊದಲೇ ಕೆಲವು ಮಕ್ಕಳಾದರೂ ಮಡಿಲಿನಿಂದ ಸೀಟಿಗೆ ಬಂದಾರು. ಸದಸ್ಯ ಬಾಂಧವರು ಯೋಚಿಸಲಿ.