ಹೆಸರು ಹೊಲಿದ ಕೌದಿ

ದಾವಣಗೆರೆಯ ಕೆ.ಬಿ. ಬಡಾವಣೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ಟ್ರಂಕಿನ ಅಡಿಯಲ್ಲೊಂದು ಕೌದಿ ಸಿಕ್ಕೀತು. ಅಜ್ಜಿಯ ಸೀರೆ, ಅಜ್ಜನ ಪಂಚೆ, ಮಗುವಿನ ಅಂಗಿ ಎಲ್ಲ ಸೇರಿ ಆದ ಹೊದಿಕೆ. ಹೋದವರ ನೆನಪೂ ಅದರಲ್ಲಿ ಬೆಚ್ಚಗಿರುತ್ತದೆ. ಇಂಥದೇ ಒಂದು ಕೌದಿ ಏಡ್ಸ್ ಬಗೆಗಿನ ಜನರ ಮನಸ್ಸನ್ನು ಅಲುಗಿಸಿತೆಂದರೆ ಅಚ್ಚರಿಯಾದೀತು.

1985ರ ನವೆಂಬರ್. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೇಣದಬತ್ತಿಯ ಮೆರವಣಿಗೆ. ಏಡ್ಸ್‌ನಿಂದ ತೀರಿಕೊಂಡ ತಮ್ಮವರ ಹೆಸರನ್ನು ರಟ್ಟಿನ ಮೇಲೆ ಬರೆಯಿರೆಂದು ಕಾರ್ಯಕರ್ತ ಕ್ಲೀವ್ ಜೋನ್ಸ್ ಜನರನ್ನು ಕೇಳಿಕೊಂಡರು. ರಟ್ಟುಗಳನ್ನು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದಾಗ ಅವರ ಕಣ್ಣಿಗೆ ಕಂಡದ್ದು ತುಂಡು ಜೋಡಿಸಿದ ಹೊದಿಕೆ! ಏಡ್ಸ್‌ನಿಂದ ಸತ್ತವರ ಶವಸಂಸ್ಕಾರಕ್ಕೂ ಜನ ಹಿಂಜರಿಯುತ್ತಿದ್ದ ಕಾಲವದು. 1987ರಲ್ಲಿ ಹೊಲಿಗೆ ಶುರುವಾಯಿತು. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಅದೇ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳನ್ನು ಹಾಸಿದರು. ಮಗನ ಅಂಗಿ, ಆಟದ ಗೊಂಬೆ, ನಡುವೆ ದೊಡ್ಡಕ್ಷರದಲ್ಲಿ ಹೆಸರು. ಈಗ ಸುಮಾರು 50,000 ತುಂಡುಗಳಾಗಿವೆ. ತೂಕ 54 ಟನ್.

ಆದರೆ ಬದುಕಿರುವವರೆಲ್ಲ ಹೀಗೆ ಹೆಸರು ಹೇಳಿಕೊಳ್ಳಲಾರರು. ಹೇಳೆಂದು ಒತ್ತಾಯಿಸುವ ಹಕ್ಕೂ ಯಾರಿಗಿಲ್ಲ. 1991ರಲ್ಲಿ ನ್ಯೂಯಾರ್ಕಿನ ಕಲಾವಿದರ ಗುಂಪೊಂದು ಕೆಂಪು ರಿಬ್ಬನ್ ರೂಪಿಸಿತು. ಅವರಲ್ಲಿ ಯಾರೂ ಅದಕ್ಕೆ ತಮ್ಮ ಹೆಸರು ಹಚ್ಚಿಕೊಳ್ಳಲಿಲ್ಲ, ಹಕ್ಕುಸ್ವಾಮ್ಯವನ್ನೂ ಕೇಳಲಿಲ್ಲ. ಅದನ್ನು ಯಾರೂ ಧರಿಸಬಹುದು. ಧರಿಸಿದವರಲ್ಲಿ ಸೋಂಕಿತರು ಯಾರೆಂಬುದು ತಿಳಿಯದು.

ಆ ರಿಬ್ಬನ್ನಿನ ಹೆಸರಿನಲ್ಲೇ ನಮ್ಮ ಕಾಲೇಜುಗಳಲ್ಲಿ ಕ್ಲಬ್‌ಗಳಿವೆ. ಬೀದಿನಾಟಕ, ಜಾನಪದ ತಂಡಗಳು ಹಳ್ಳಿಗಳಿಗೆ ಹೋಗಿವೆ. ಶಾಲೆಯ ಚಿತ್ರಸ್ಪರ್ಧೆಯಲ್ಲಿ ಮಾತ್ರ ಏಡ್ಸ್ ಎಂದೊಡನೆ ಮಕ್ಕಳ ಕೈ ತಲೆಬುರುಡೆ ಬಿಡಿಸುತ್ತದೆ. ತೀರ್ಪುಗಾರರು ಅದಕ್ಕೇ ಬಹುಮಾನ ಕೊಟ್ಟರೆ ಕಳಂಕಕ್ಕೆ ಬಹುಮಾನ ಕೊಟ್ಟಂತೆ! ಭಯ ಹುಟ್ಟಿಸುವ ಚಿತ್ರ ಸೋಂಕಿತರನ್ನು ಪರೀಕ್ಷೆ, ಚಿಕಿತ್ಸೆಗಳಿಂದಲೂ ದೂರ ತಳ್ಳುತ್ತದೆ.

ಬಿಡಿಸಲು ವಿಷಯವೇನು ಕಡಿಮೆಯೆ? ಒಂದೇ ಡಬ್ಬಿಯಲ್ಲಿ ಇಬ್ಬರು ಗೆಳೆಯರು ಉಂಡರೆ ಎಚ್ಐವಿ ಅಂಟದು. ಸೊಳ್ಳೆಯಿಂದಲೂ ಬಾರದು; ಸೊಳ್ಳೆಯ ಹೊಟ್ಟೆಯಲ್ಲಿ ಆ ವೈರಸ್ ರಕ್ತದೊಂದಿಗೆ ಜೀರ್ಣವಾಗಿಬಿಡುತ್ತದೆ. ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿರುವ ಎ.ಆರ್.ಟಿ. ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಬಾಳಸಂಗಾತಿಗೂ ಹರಡದು.

ಶಾಲೆಗೆ ಸಂಬಂಧಿಸಿದ ಮಾತನ್ನು ಪಾಲಕರೂ ತಿಳಿದಿರಬೇಕು. 2017ರ ಎಚ್ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೋಂಕಿನ ಕಾರಣಕ್ಕೆ ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲ. ತಮಗೆ ತಿಳಿದ ಸೋಂಕಿನ ಸಂಗತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವಂತೆಯೂ ಇಲ್ಲ.