ಹ್ಯಾಂಡಲ್ ತಿರುಗಿಸುವ ಸರದಿ

ಭಾನುವಾರ ಮುಂಬಯಿಯ ದಹಿಸರಿಗೆ ಅವಸರವಿಲ್ಲ. ಸ್ಟೇಷನ್ ಹೊರಗಿನ ರಿಕ್ಷಾ ಸಾಲು ಅರ್ಧಕ್ಕೆ ಕುಗ್ಗಿರುತ್ತದೆ. ಇಡ್ಲಿ ಅಣ್ಣನ ಸೈಕಲ್ ಹಾರ್ನು ಚಾಳಿನಿಂದ ಚಾಳಿಗೆ ನಿಧಾನವಾಗಿ ಸಾಗುತ್ತದೆ. ಪೂರ್ವಕ್ಕೆ ರಾಷ್ಟ್ರೀಯ ಉದ್ಯಾನದ ಗುಡ್ಡ. ಮಳೆಗಾಲ ಮುಗಿಯುತ್ತ ಬಂದ ಸೆಪ್ಟೆಂಬರ್ ಕೊನೆಯಲ್ಲಿ ಅದರ ಹಸಿರು ಕಪ್ಪಿಗೆ ತಿರುಗಿರುತ್ತದೆ. ತುಳಸಿ ಕೆರೆಯ ಕಡೆಯಿಂದ ಇಳಿದ ದಹಿಸರ್ ಹೊಳೆ ಸೇತುವೆಗಳ ಕೆಳಗೆ ಕೆಂಪಾಗಿ ಹರಿದು ಖಾಡಿಯತ್ತ ಹೋಗುತ್ತಿರುತ್ತದೆ. ಒಂಬತ್ತು ಗಂಟೆ ದಾಟುವ ಹೊತ್ತಿಗೆ ಹೊಳೆಗೆ ಹತ್ತಿರದ ಒಂದು ಚಾಳಿನ ಹಿಂಬದಿಯಿಂದ ಹೊಸ ಸದ್ದೊಂದು ಏಳುತ್ತದೆ. ಮೊದಲು ಬಿಡಿಬಿಡಿಯಾಗಿ ಟುಕ್, ಟುಕ್. ನಡುವೆ ಒಂದು ಕೆಮ್ಮು. ಆಮೇಲೆ ಒಂದೇ ಸಮನೆ ಟುಕುಟುಕುಟುಕು. ಕಿಟಕಿಗಳಿಂದ ತಲೆಗಳು ಇಣುಕುತ್ತವೆ. ಹೊಸಬರು ಜನರೇಟರ್ ಎಂದುಕೊಳ್ಳುತ್ತಾರೆ. ನಮ್ಮ ಓಣಿಯ ಮಕ್ಕಳು ಹಾಗೆ ಮೋಸಹೋಗುವುದಿಲ್ಲ. ಚಪ್ಪಲಿ ಮೆಟ್ಟುವ ವ್ಯವಧಾನವೂ ಇಲ್ಲದೆ ಓಡುತ್ತಾರೆ. ಓಡಿದವರಿಗೆ ಅಲ್ಲಿ ಕಾದಿರುವ ಮೊದಲ ಮಾತು ಒಂದೇ: "ಚಪ್ಪಲಿ ಅಲ್ಲ, ಬೂಟು ಹಾಕಿಕೊಂಡು ಬನ್ನಿ."

ಹೇಳುವವರು ಅಜ್ಜ. ಯಾರ ಅಜ್ಜ ಎಂದು ಈಗ ಯಾರೂ ಕೇಳುವುದಿಲ್ಲ, ಇಡೀ ಓಣಿಗೇ ಅವರು ಅಜ್ಜ. ಉಡುಪಿ ಕಡೆಯವರು. ಹದಿಹರೆಯದಲ್ಲಿ ಮುಂಬಯಿಗೆ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಕಾಂದಿವಲಿಯ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ತಗಡಿನ ಮಾಡಿನಡಿ ನಿಂತಿರುವುದು ಅವರ ಊರಿನ ಗದ್ದೆಯಲ್ಲಿ ಉಳುತ್ತಿದ್ದ ಹಳೆಯ ಪವರ್ ಟಿಲ್ಲರ್. ಗದ್ದೆ ಹಡಿಲು ಬಿತ್ತು, ಟಿಲ್ಲರ್ ಕೊಟ್ಟಿಗೆಯ ಮೂಲೆ ಸೇರಿತು, ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ದರ ಹೇಳಿದ. ಸುದ್ದಿ ತಿಳಿದ ಅಜ್ಜ ಅದನ್ನು ಮುಂಬಯಿಗೆ ಹೊರಟ ಲಾರಿಯೊಂದಕ್ಕೆ ಏರಿಸಿ ತರಿಸಿಕೊಂಡರು.

ಟಿಲ್ಲರ್ ನೋಡದವರಿಗಾಗಿ ಹೇಳಬೇಕು: ಎರಡೇ ಚಕ್ರ, ಹಿಂದಕ್ಕೆ ಚಾಚಿದ ಎರಡು ಉದ್ದ ಹಿಡಿ, ಮುಂದೆ ಒಂದೇ ಸಿಲಿಂಡರಿನ ಅಡ್ಡ ಮಲಗಿದ ಡೀಸೆಲ್ ಎಂಜಿನ್. ಪಕ್ಕದಲ್ಲಿ ಭಾರದ ಫ್ಲೈವೀಲ್. ಎಂಜಿನ್ನಿನ ಬಲ ವಿ-ಬೆಲ್ಟುಗಳ ಮೂಲಕ ಗೇರ್‌ಬಾಕ್ಸಿಗೆ, ಅಲ್ಲಿಂದ ಚಕ್ರಕ್ಕೂ ಮಣ್ಣು ಕೊಚ್ಚುವ ಬಾಗಿದ ಅಲಗುಗಳಿಗೂ. ಮನುಷ್ಯ ಹಿಂದಿನಿಂದ ನಡೆಯುತ್ತಾನೆ, ಕೋಣಗಳ ಹಿಂದೆ ನಡೆದ ಹಾಗೆಯೇ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪೆನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಇಂಥ ಟಿಲ್ಲರ್‌ಗಳನ್ನು ಮಾಡಿ ನಾಡಿನ ಗದ್ದೆ ತೋಟಗಳಿಗೆ ತಲುಪಿಸಿತು. ದೊಡ್ಡ ಟ್ರ್ಯಾಕ್ಟರ್ ತಿರುಗಲಾರದ ಕರಾವಳಿಯ ಸಣ್ಣ ಸಣ್ಣ ಬೈಲುಗದ್ದೆಗಳಿಗೆ, ಅಡಿಕೆ ಮರಗಳ ನಡುವಿನ ಇಕ್ಕಟ್ಟಿಗೆ ಇದೇ ಹೇಳಿಮಾಡಿಸಿದ ಯಂತ್ರ. ಕೆಸರಿಗೆ ಇಳಿಸುವಾಗ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಪಂಜರದ ಚಕ್ರ ತೊಡಿಸುತ್ತಾರೆ. ಆ ಪಂಜರ ಚಕ್ರಗಳೂ ಲಾರಿಯಲ್ಲಿ ಬಂದಿವೆ. ಚಾಳಿನ ಗೋಡೆಗೆ ಒರಗಿ ನಿಂತ ಅವುಗಳ ಸಂದಿಯಲ್ಲಿ ಒಣಗಿದ ಊರಿನ ಮಣ್ಣು ಇನ್ನೂ ಇದೆ. ಅಜ್ಜ ಅದನ್ನು ತೊಳೆದಿಲ್ಲ.

ಭಾನುವಾರ ಮಾಡಿನಡಿ ನಡೆಯುವ ಎರಡು ಗಂಟೆ ಹೊತ್ತಿನ ಗಲಾಟೆಯನ್ನು ನೋಡಬೇಕು. ಒಬ್ಬ ಹುಡುಗ ಡಬ್ಬಿಯಲ್ಲಿ ಸೀಮೆಎಣ್ಣೆ ಹಿಡಿದು ನಟ್ಟುಗಳನ್ನು ಅದ್ದುತ್ತಿದ್ದಾನೆ. ಇನ್ನೊಬ್ಬ ಹಳೆಯ ಬನಿಯನ್ ತುಂಡಿನಿಂದ ಅವನ್ನು ಒರೆಸಿ, ಬಿಚ್ಚಿದ ಕ್ರಮದಲ್ಲೇ ರಟ್ಟಿನ ಮೇಲೆ ಸಾಲಾಗಿ ಇಡುತ್ತಾನೆ. ಎರಡು ಜಡೆಯ ಹುಡುಗಿ ಏರ್ ಕ್ಲೀನರ್ ಬಿಚ್ಚಿ ಒಳಗಿನ ಕಪ್ಪು ಎಣ್ಣೆಗೆ ಬೆರಳು ತೇವಿಸಿ ತಮ್ಮನ ಮೂಗಿಗೆ ಹಚ್ಚಿದ್ದಾಳೆ. ರಿಕ್ಷಾ ಮೆಕ್ಯಾನಿಕ್ ಆಗಿರುವ ಮರಾಠಿ ನೆರೆಯವರು ನಾಝಲ್ ಪರೀಕ್ಷಿಸುತ್ತ, "ಕಾಕಾ, ಹೀ ಚಾಂಗ್ಲೀ ಆಹೇ" ಎನ್ನುತ್ತಾರೆ. ಅಜ್ಜ ತುಳುವಿನಲ್ಲಿ ಏನೋ ಗೊಣಗಿ, ಕನ್ನಡದಲ್ಲಿ ಮಕ್ಕಳಿಗೆ ವಿವರಿಸಿ, ಹಿಂದಿಯಲ್ಲಿ ಚಹಾ ಹೇಳುತ್ತಾರೆ. ಇಷ್ಟೆಲ್ಲದರ ನಡುವೆ ಹದಿಮೂರು ನಂಬರಿನ ಪಾನಾ ಎಲ್ಲಿ ಎಂಬ ಹುಡುಕಾಟ ಒಂದೇ ಸಮನೆ ನಡೆದಿರುತ್ತದೆ.

ಎಂಜಿನ್ ಹೇಗೆ ನಡೆಯುತ್ತದೆ ಎಂಬುದನ್ನು ಅಜ್ಜ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವರಲ್ಲ. ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮೊದಲನೆಯವನು ಎದೆ ಉಬ್ಬಿಸಿ ಉಸಿರು ಎಳೆದುಕೊಳ್ಳಬೇಕು. ಎರಡನೆಯವನು ಬಾಯಿ ಮುಚ್ಚಿ ಬಿಗಿಹಿಡಿಯಬೇಕು. ಮೂರನೆಯವಳು "ಢಂ" ಎಂದು ಕೂಗಿ ಜಿಗಿಯಬೇಕು. ನಾಲ್ಕನೆಯವನು ಉಫ್ ಎಂದು ಹೊರಗೆ ಬಿಡಬೇಕು. ಕೂಗುವ ಪಾತ್ರಕ್ಕಾಗಿ ಯಾವಾಗಲೂ ಜಗಳ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲವಲ್ಲ, ಹಾಗಾದರೆ ಬೆಂಕಿ ಎಲ್ಲಿಂದ ಎಂದು ಒಬ್ಬ ಕೇಳಿದಾಗ ಅಜ್ಜ ಸೈಕಲ್ ಪಂಪ್ ತರಿಸಿದರು. ಅದರ ಬಾಯಿಗೆ ಬೆರಳು ಒತ್ತಿ ಜೋರಾಗಿ ಪಂಪು ಹೊಡೆಯುವಂತೆ ಹೇಳಿದರು. ಪಂಪಿನ ತಳ ಬಿಸಿಯಾಯಿತು. "ಗಾಳಿಯನ್ನು ಒತ್ತಿದರೆ ಕಾಯುತ್ತದೆ, ಮಗಾ. ಒಳಗೆ ಇನ್ನೂ ಎಷ್ಟೋ ಪಟ್ಟು ಒತ್ತುತ್ತದೆ. ಆ ಕಾವಿಗೆ ಡೀಸೆಲ್ ಚಿಮುಕಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ." ಆ ವಾರವೆಲ್ಲ ಓಣಿಯ ಮಕ್ಕಳು ಸಿಕ್ಕಿದವರ ಕೈಗೆ ಬಿಸಿ ಪಂಪು ಮುಟ್ಟಿಸುತ್ತ ತಿರುಗಿದರು. ನನಗೂ ಮುಟ್ಟಿಸಿದರು. ಪಾಠಪುಸ್ತಕದಲ್ಲಿ ಇದೇ ವಿಷಯ ಓದಿ ಪಾಸಾಗಿದ್ದ ನನಗೆ ಅದು ಬೆರಳಿಗೆ ತಿಳಿದದ್ದು ಅವತ್ತು.

ಎಲ್ಲಕ್ಕಿಂತ ದೊಡ್ಡ ಗೌರವ ಸ್ಟಾರ್ಟ್ ಮಾಡುವುದು. ಅದು ಇಬ್ಬರ ಕೆಲಸ. ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದರೆ ಒಳಗಿನ ಗಾಳಿ ಒತ್ತಡಕ್ಕೆ ಸಿಗದೆ ಹೊರಬೀಳುತ್ತದೆ, ಫ್ಲೈವೀಲ್ ಹಗುರಾಗಿ ತಿರುಗುತ್ತದೆ. ದೊಡ್ಡವರೊಬ್ಬರು ಹ್ಯಾಂಡಲ್ ಹಾಕಿ ತಿರುಗಿಸುತ್ತ ವೇಗ ಹತ್ತಿಸಬೇಕು, ಲಿವರ್ ಹಿಡಿದ ಮಗು ಕಣ್ಣು ಮಿಟುಕಿಸದೆ ಕಾಯಬೇಕು, "ಬಿಡು!" ಎಂದ ಕ್ಷಣಕ್ಕೆ ಸರಿಯಾಗಿ ಬಿಡಬೇಕು. ಬೇಗ ಬಿಟ್ಟರೆ ಚಕ್ರಕ್ಕೆ ಕಸುವು ಸಾಲದೆ ನಿಲ್ಲುತ್ತದೆ. ಸರಿಯಾಗಿ ಬಿಟ್ಟರೆ ಹೊಗೆಕೊಳವೆಯಿಂದ ಒಂದು ಕರಿ ಉಂಗುರ, ಆಮೇಲೆ ಆ ಸದ್ದು. ಹ್ಯಾಂಡಲ್ ಹಿಡಿಯುವುದಕ್ಕೂ ನಿಯಮವಿದೆ: ಹೆಬ್ಬೆರಳು ಹಿಡಿಯನ್ನು ಸುತ್ತಬಾರದು, ಉಳಿದ ಬೆರಳುಗಳ ಜೊತೆಯಲ್ಲೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗುತ್ತದೆ, ಹೆಬ್ಬೆರಳು ಉಳಿಯುತ್ತದೆ. ಸಡಿಲ ಅಂಗಿ, ದುಪಟ್ಟಾ, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯುವಂತಿಲ್ಲ. ಎಂಜಿನ್ ನಡೆಯುವಾಗ ಮಕ್ಕಳೆಲ್ಲ ನೆಲದ ಮೇಲಿನ ಸುಣ್ಣದ ಗೆರೆಯಿಂದ ಆಚೆ. ಈ ವಿಷಯದಲ್ಲಿ ಅಜ್ಜನದು ಕಾರ್ಖಾನೆಯ ಶಿಸ್ತು. ಗೆರೆ ದಾಟಿದವರ ಸರದಿ ಆ ದಿನಕ್ಕೆ ಮುಗಿಯಿತು, ಅಳು ನಡೆಯುವುದಿಲ್ಲ. ಮಕ್ಕಳು ಇದನ್ನು ಶಿಕ್ಷೆ ಎಂದುಕೊಂಡಂತೆ ಕಾಣುವುದಿಲ್ಲ. ನಿಜವಾದ ಅಪಾಯವಿರುವ ವಸ್ತುವನ್ನು ತಮ್ಮ ಕೈಗೆ ನಂಬಿ ಕೊಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತು.

ಅಜ್ಜ ದುಡಿದ ಕಾಂದಿವಲಿ ದಹಿಸರಿನಿಂದ ಲೋಕಲ್‌ನಲ್ಲಿ ಎರಡನೇ ನಿಲ್ದಾಣ. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಕಟ್ಟಿದ ಟ್ರ್ಯಾಕ್ಟರ್ ಕಂಪೆನಿಯ ಕಾರ್ಖಾನೆ ಅಲ್ಲಿ ತಲೆಯೆತ್ತಿತು. ಮೊದಲು ಹೊರಬಂದದ್ದು ಬಿ-275: ಇಂಗ್ಲೆಂಡಿನಲ್ಲಿ ಹುಟ್ಟಿದ ಮಾದರಿ, ನಾಲ್ಕು ಸಿಲಿಂಡರ್, ಸುಮಾರು 35 ಅಶ್ವಶಕ್ತಿ. 1977ರಲ್ಲಿ ಆ ಕಂಪೆನಿ ಮಹೀಂದ್ರಾದೊಳಗೆ ಸೇರಿತು. ಹೆಸರಿನ 275 ಮಾತ್ರ ಉಳಿಯಿತು; ಇವತ್ತಿಗೂ ಹಳ್ಳಿಯ ರಸ್ತೆಗಳಲ್ಲಿ 275 ಡಿಐ ಎಂಬ ಅಕ್ಷರ ಹೊತ್ತ ಕೆಂಪು ಟ್ರ್ಯಾಕ್ಟರ್ ಕಾಣದ ತಾಲ್ಲೂಕು ಕರ್ನಾಟಕದಲ್ಲಿ ಕಡಿಮೆ. ಬೇಸಗೆ ರಜೆಯಲ್ಲಿ ಊರಿಗೆ ಹೋದ ಮಕ್ಕಳು ಅಂಥ ಟ್ರ್ಯಾಕ್ಟರಿನ ಫೋಟೊ ತೆಗೆದು ಅಜ್ಜನಿಗೆ ಕಳಿಸುತ್ತಾರೆ. ಬಾನೆಟ್ಟಿನ ಆಕಾರ ನೋಡಿ ಅದು ಯಾವ ಕಾಲದ್ದೆಂದು ಅಜ್ಜ ಹೇಳುತ್ತಾರೆ.

ಅದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1960ರ ದಶಕದ ಆರಂಭದಲ್ಲಿ ಅಮೆರಿಕದ ಮನೆತೋಟಗಳಿಗಾಗಿ ಕಬ್ ಕೆಡೆಟ್ ಎಂಬ ಪುಟ್ಟ ಟ್ರ್ಯಾಕ್ಟರನ್ನು ಮಾಡಿತ್ತು. ಏಳು ಅಶ್ವಶಕ್ತಿಯ ಒಂದೇ ಸಿಲಿಂಡರಿನ ಎಂಜಿನ್. ಹುಲ್ಲು ಕೊಯ್ಯಲು, ಹಿಮ ತಳ್ಳಲು, ತರಕಾರಿ ಮಡಿ ಉಳಲು. ಈಗ ಅಲ್ಲಿ ಅಂಥ ಹಳೆಯ ತೋಟದ ಟ್ರ್ಯಾಕ್ಟರ್‌ಗಳನ್ನು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ, ಬಣ್ಣ ಬಳಿದು, ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗಳಿಗೆ ಒಯ್ಯುವ ಕುಟುಂಬಗಳು ಬಹಳ. ತಾಯಿ ಕಂಪೆನಿ ಎಂಬತ್ತರ ದಶಕದಲ್ಲಿ ತನ್ನ ಕೃಷಿಯಂತ್ರಗಳ ವಿಭಾಗವನ್ನೇ ಮಾರಿಬಿಟ್ಟಿತು. ಅದರ ಕಸುಬು ಮಾತ್ರ ಒಂದು ಕಡೆ ಅಮೆರಿಕದ ಅಜ್ಜಂದಿರ ಗ್ಯಾರೇಜುಗಳಲ್ಲಿ, ಇನ್ನೊಂದು ಕಡೆ ಕಾಂದಿವಲಿಯಲ್ಲಿ ದುಡಿದ ಕೈಗಳಲ್ಲಿ ಉಳಿದಿದೆ.

ನಮ್ಮಲ್ಲಿ ಹಳೆಯ ಕಾರುಗಳಿಗೆ ಮರ್ಯಾದೆ ಇದೆ. ದಕ್ಷಿಣ ಮುಂಬಯಿಯ ಬೀದಿಗಳಲ್ಲಿ ಅವುಗಳ ಮೆರವಣಿಗೆ ನಡೆಯುತ್ತದೆ; ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕಟ್ಟಿದ 'ಪಯಣ' ಕಾರು ಸಂಗ್ರಹಾಲಯಕ್ಕೆ ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ಬೇರೆಯೇ ನಂಬರು ಕೊಡುವ ನಿಯಮ 2021ರಲ್ಲಿ ಬಂತು. ಸಂತೋಷವೇ. ಆದರೆ ಅನ್ನ ಬೆಳೆದ ಯಂತ್ರಕ್ಕೆ ಇನ್ನೂ ಆ ಭಾಗ್ಯ ಬಂದಿಲ್ಲ. ಟಿಲ್ಲರ್ ನಿಂತಿತೆಂದರೆ ಗುಜರಿಗೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಕೊಳ್ಳಲು ಹಿಂಜರಿದಿದ್ದರು. ಆ ಅಂಜಿಕೆ ಕಳೆದು, ನೇಗಿಲಿನಿಂದ ಪಂಪು, ಪಂಪಿನಿಂದ ಎಂಜಿನ್, ಎತ್ತಿನಿಂದ ಟಿಲ್ಲರ್ ಎಂದು ಊರುಗಳು ಬದಲಾದ ಕತೆ ನಮ್ಮ ಅಜ್ಜ ಅಪ್ಪಂದಿರ ಕಣ್ಣೆದುರೇ ನಡೆದದ್ದು. ಅದನ್ನು ತೋರಿಸುವ ಯಂತ್ರಗಳು ಉಳಿಯಬೇಕು, ಅದೂ ಓಡುವ ಸ್ಥಿತಿಯಲ್ಲಿ. ಗಾಜಿನ ಹಿಂದೆ ನಿಂತ ಟಿಲ್ಲರಿನಿಂದ ಮಗುವಿಗೆ ಸಿಗುವುದು ಅಲ್ಪ.

ಬಿಡಿಭಾಗ ಬೇಕಾದಾಗ ಶನಿವಾರ ಸವಾರಿ ಹೊರಡುತ್ತದೆ. ಬೆಳಗಿನ ಗದ್ದಲ ಇಳಿದ ಮೇಲೆ ಚರ್ಚ್‌ಗೇಟ್ ಲೋಕಲ್ ಹಿಡಿದು, ಮರೀನ್ ಲೈನ್ಸ್‌ನಲ್ಲಿ ಇಳಿದು, ಕ್ರಾಫರ್ಡ್ ಮಾರ್ಕೆಟ್ ದಾಟಿ ನಾಗದೇವಿ ಸ್ಟ್ರೀಟಿಗೆ. ಬೇರಿಂಗು, ಬೆಲ್ಟು, ಸರಪಳಿ, ಪಾನಾಗಳ ಅಂಗಡಿಗಳು ಭುಜಕ್ಕೆ ಭುಜ ತಾಗಿಸಿ ಕೂತ ಬೀದಿ ಅದು. ಕೈಗಾಡಿಯವರು "ಬಾಜೂ, ಬಾಜೂ" ಎನ್ನುತ್ತ ನುಗ್ಗುತ್ತಾರೆ. ಗ್ರೀಸಿನ ಮತ್ತು ಹೊಸ ರಬ್ಬರಿನ ವಾಸನೆಯ ನಡುವೆ ಮಕ್ಕಳು ಮೂಗು ಅರಳಿಸಿ ನಡೆಯುತ್ತಾರೆ. ಬೆಲ್ಟಿನ ಬೆನ್ನಿನ ಮೇಲಿನ ಬರಹ ಓದುವುದು ಅವರಿಗೆ ಈಗ ಕರಗತ: 'ಬಿ' ಎಂದರೆ ಮೇಲ್ಬದಿ 17 ಮಿಲಿಮೀಟರ್ ಅಗಲ, ಪಕ್ಕದ ಅಂಕಿ ಇಂಚಿನಲ್ಲಿ ಉದ್ದ. ಗಲ್ಲೆಯ ಮೇಲೆ ಕೂತ ಸೇಠ್, ಹುಡುಗಿಯೊಬ್ಬಳು ಬೆಲ್ಟನ್ನು ತಿರುಗಿಸಿ ನೋಡಿ "ಇದಲ್ಲ, ಒಂದು ಇಂಚು ಹೆಚ್ಚು" ಎಂದದ್ದನ್ನು ಕೇಳಿ, ಕನ್ನಡಕ ಹಣೆಗೇರಿಸಿ, ಒಳಗಿನಿಂದ ಬೇರೆ ಬೆಲ್ಟು ತರಿಸಿದರು. ವಾಪಸು ಬರುವಾಗ ಬೆಲ್ಟನ್ನು ಹಾರದಂತೆ ಕೊರಳಿಗೆ ಹಾಕಿಕೊಳ್ಳುವುದು ವಾಡಿಕೆ. ಲೋಕಲ್‌ನಲ್ಲಿ ಜನ ನೋಡುತ್ತಾರೆ, ಮಕ್ಕಳು ಇನ್ನಷ್ಟು ನೆಟ್ಟಗೆ ನಿಲ್ಲುತ್ತಾರೆ.

ಓಡಿಸುವ ಜಾಗ ದಹಿಸರಿನಲ್ಲಿಲ್ಲ. 1957ರಲ್ಲಿ ಬೃಹನ್ಮುಂಬಯಿಯ ಮೇರೆ ಇಲ್ಲಿಯವರೆಗೆ ಚಾಚುವ ಮುಂಚೆ ಇದು ಠಾಣೆ ಜಿಲ್ಲೆಯ ಹಳ್ಳಿ, ಸುತ್ತ ಭತ್ತದ ಗದ್ದೆ. ಈಗ ಮೆಟ್ರೊ ಕಂಬಗಳ ನೆರಳು. ಆದ್ದರಿಂದ ವಸಯಿಯಲ್ಲಿ ಬಾಳೆ, ಹೂವಿನ ವಾಡಿ ಇರುವ ಗೆಳೆಯರೊಬ್ಬರು ನೆರವಿಗೆ ಬಂದರು. ಟೆಂಪೊದಲ್ಲಿ ಟಿಲ್ಲರ್ ಅಲ್ಲಿಗೆ ಹೋಯಿತು, ಹಿಂದೆಯೇ ಲೋಕಲ್‌ನಲ್ಲಿ ನಾವೆಲ್ಲ. ತೆಂಗಿನ ನೆರಳಿನ ಸಪಾಟು ನೆಲದಲ್ಲಿ ಅಜ್ಜ ಹಿಡಿ ಹಿಡಿದರು, ಅವರ ಎರಡು ಕೈಗಳ ನಡುವೆ ಒಬ್ಬೊಬ್ಬರಾಗಿ ದೊಡ್ಡ ಮಕ್ಕಳು. ಮಣ್ಣು ಕೊಚ್ಚುವ ಅಲಗುಗಳನ್ನು ಮೊದಲೇ ಬಿಚ್ಚಿಟ್ಟಿದ್ದರು. ಎಡಹಿಡಿಯ ಕೆಳಗಿನ ಲಿವರ್ ಒತ್ತಿದರೆ ಎಡಚಕ್ರದ ಬಲ ತಪ್ಪುತ್ತದೆ, ಬಲಚಕ್ರ ತಳ್ಳುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಇದು ಬೇಗ ಬಂತು. ಆಮೇಲೆ ಅಜ್ಜ ಬಾವಿಯ ಕಡೆಯ ಇಳಿಜಾರಿಗೆ ಒಯ್ದರು. ಎಡ ಒತ್ತಿದರೆ ಗಾಡಿ ಬಲಕ್ಕೆ ಹೋಯಿತು! ಇಳಿಜಾರಿನಲ್ಲಿ ಎಂಜಿನ್ ತಳ್ಳುವುದರ ಬದಲು ಹಿಡಿದು ನಿಲ್ಲಿಸುತ್ತಿರುತ್ತದೆ. ಎಡಚಕ್ರವನ್ನು ಬಿಟ್ಟುಕೊಟ್ಟರೆ ಅದು ಮುಂದೆ ಉರುಳುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಊರಿನಲ್ಲಿ ಇದನ್ನು ಅರಿಯದವರು ತೋಡಿಗೆ ಇಳಿಸಿದ ಕತೆಗಳುಂಟು. ಮಕ್ಕಳು ಅಲ್ಲೇ ಮಣ್ಣಿನ ಮೇಲೆ ಕೂತು, ಕಡ್ಡಿಯಿಂದ ಚಕ್ರದ ಚಿತ್ರ ಗೀಚಿ, ಯಾಕೆ ಹೀಗೆ ಎಂದು ಬಹಳ ಹೊತ್ತು ವಾದಿಸಿದರು. ವಾಡಿಯ ಗೆಳೆಯರ ಮಗನೂ ಸೇರಿಕೊಂಡ. ಇದುವರೆಗೆ ಅಪ್ಪನ ವಾಡಿಯನ್ನು ಬೇಸರದಿಂದ ನೋಡುತ್ತಿದ್ದ ಹುಡುಗ ಅವನು. ಈಗ ಅಲಗುಗಳನ್ನು ಯಾವಾಗ ಹಾಕುತ್ತೀರಿ, ಬಾಳೆಯ ಸಾಲಿನ ನಡುವೆ ಹಿಡಿಸುತ್ತದೆಯೇ ಎಂದು ಅಜ್ಜನಿಗೆ ಗಂಟುಬಿದ್ದಿದ್ದಾನೆ.

ಸಾಲಿನ ಅಗಲ ಅಳೆದಾಗಿದೆ, ಹಿಡಿಸುತ್ತದೆ. ಆದರೆ ಬಲಚಕ್ರದ ಅಚ್ಚಿನ ಬಳಿ ಗೇರ್ ಎಣ್ಣೆ ಒಸರುತ್ತಿದೆ, ಆಯಿಲ್ ಸೀಲ್ ಬದಲಾಯಿಸದೆ ಉಳುಮೆಗೆ ಇಳಿಸುವಂತಿಲ್ಲ. ಸೀಲಿಗೆ ಮೂರು ಅಳತೆ ಬೇಕು: ಒಳವ್ಯಾಸ, ಹೊರವ್ಯಾಸ, ದಪ್ಪ. ಅಜ್ಜನ ಹಳೆಯ ವರ್ನಿಯರ್ ಯಾರ ಕೈಗೆ ಎಂಬ ಜಗಳಕ್ಕೆ ಅವರೇ ತೀರ್ಪು ಕೊಟ್ಟಿದ್ದಾರೆ: ಇಬ್ಬರು ಬೇರೆ ಬೇರೆಯಾಗಿ ಅಳೆದು ಚೀಟಿಯಲ್ಲಿ ಬರೆದು ಕೊಡಬೇಕು, ಎರಡೂ ಚೀಟಿ ತಾಳೆಯಾದರೆ ಶನಿವಾರ ನಾಗದೇವಿಗೆ. ಮೊದಲ ಸಲದ ಚೀಟಿಗಳಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂತು. ಮತ್ತೆ ಅಳೆಯುತ್ತಿದ್ದಾರೆ.